ಒಬ್ಬರನ್ನು ಮಾತ್ರ ಒಳಗೆ ಕರೆ

ಈಗಿನ ಖಳನಾಯಕರಿಗೆ ಕಸುಬು ಗೊತ್ತಿಲ್ಲ. ಬಾಂಬು ಇಡುತ್ತಾರೆ. ಇಟ್ಟವರು ಬಾಯಿ ಮುಚ್ಚಿಕೊಂಡು ಇರಬೇಕೋ ಬೇಡವೋ? ಅದು ಎಲ್ಲಿದೆ, ಯಾವಾಗ ಸಿಡಿಯುತ್ತದೆ, ಯಾವ ಬಣ್ಣದ ತಂತಿ ಕತ್ತರಿಸಿದರೆ ಆರುತ್ತದೆ ಎಂದು ನಾಯಕನ ಎದುರಿಗೇ ನಿಂತು, ಗಹಗಹಿಸಿ ನಕ್ಕು, ಭಾಷಣ ಬಿಗಿಯುತ್ತಾರೆ. ನನ್ನ ಅರ್ಧ ಆಯುಷ್ಯ ಬಸ್ ಡಿಪೋದ ಗೇಟಿನ ಮುಂದೆ ಧಿಕ್ಕಾರ ಕೂಗುವುದರಲ್ಲೇ ಸವೆದಿದೆ. ನಮಗೆ ಮಣ್ಣು ಮುಕ್ಕಿಸಿದ ಅಧಿಕಾರಿಗಳಲ್ಲಿ ಒಬ್ಬನೂ ಗಹಗಹಿಸಿದವನಲ್ಲ. ಎಲ್ಲರೂ "ಕೂತ್ಕೊಳ್ಳಿ, ನೀರು ಕುಡೀತೀರಾ?" ಎಂದವರೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಮ್ಮ ಚಳವಳಿಯ ಬೆನ್ನುಮೂಳೆ ತೆಗೆದು, ಒರೆಸಿ, ಕೈಗೆ ಕೊಟ್ಟು ಕಳಿಸುತ್ತಿದ್ದರು.

ಇಷ್ಟೆಲ್ಲ ವಿದ್ಯೆ ನನ್ನೊಂದಿಗೇ ಮಣ್ಣಾಗುತ್ತದಲ್ಲ ಎಂದು ನಾನು ಕೊರಗುತ್ತಿದ್ದ ಹೊತ್ತಿಗೆ ಸರಿಯಾಗಿ ಮೊಮ್ಮಗಳು ಬಂದು ನನ್ನ ಕುರ್ಚಿಯ ಕೈ ಮೇಲೆ ಕೂತಳು.

"ತಾತ, ನನಗೊಬ್ಬ ವಿಲನ್ ಬೇಕು. ಸುಲಭಕ್ಕೆ ಸಾಯಬಾರದು."

"ಸರಕಾರಿಯೋ, ಖಾಸಗಿಯೋ?" ಎಂದೆ.

ವಿಷಯ ಇಷ್ಟು. ಅವಳಿಗೂ ಅವಳ ಗೆಳೆಯರಿಗೂ ಒಂದು ಆಟದ ಹುಚ್ಚು. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಊಟದ ಮೇಜಿನ ಸುತ್ತ ಕೂತು, ತಾವೆಲ್ಲ ಅದ್ಭುತ ಶಕ್ತಿಯ ಎಳೆಯ ವೀರರು ಎಂದುಕೊಂಡು ಊರು ಉಳಿಸುತ್ತಾರೆ. ಕೂತಲ್ಲೇ, ಬಾಯಿಮಾತಿನಲ್ಲೇ. ಹೊಡೆದ ಏಟು ಬಿತ್ತೋ ತಪ್ಪಿತೋ ಎಂಬುದು ದಾಳ ಉರುಳಿಸಿ ತೀರ್ಮಾನ. (ಇದು ನನಗೆ ಹೊಸದೇನಲ್ಲ. ಡಿಪೋದಲ್ಲಿ ನಮ್ಮ ಬಡ್ತಿಗಳೂ ಹೀಗೇ ತೀರ್ಮಾನವಾಗುತ್ತಿದ್ದವು.) ಕಥೆ ನಡೆಸುವವಳು ಮೊಮ್ಮಗಳು. ಖಳನಾಯಕನ ಪರವಾಗಿ ಮಾತಾಡುವವಳೂ ಅವಳೇ.

ಉಳಿದ ನಾಲ್ವರು ವೀರರನ್ನು ನೀವು ನೋಡಬೇಕು. 'ಬಂಡೆ' ಎಂಬವನು ಆಟದಲ್ಲಿ ಬೆಟ್ಟ ಪುಡಿ ಮಾಡುತ್ತಾನೆ. ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ನನ್ನ ಹೆಂಡತಿಯನ್ನು ಕೂಗುತ್ತಾನೆ. 'ಗಾಳಿ' ಮೋಡದಲ್ಲಿ ಹಾರುವವನು. ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಬಂದರೆ ಮಾತಾಡಲು ಅವನಿಗೆ ಸ್ವಲ್ಪ ಹೊತ್ತು ಬೇಕು. 'ಕರೆಂಟು' ಮಿಂಚು ಹೊಡೆಸುವವಳು, ಎಷ್ಟು ಹೇಳಿದರೂ ಬಚ್ಚಲಿನ ದೀಪ ಆರಿಸುವವಳಲ್ಲ. ಇನ್ನು 'ಕಾಣದವಳು' ಯಾರ ಕಣ್ಣಿಗೂ ಬೀಳದೆ ಓಡಾಡಬಲ್ಲಳಂತೆ. ಆದರೆ ಅವಳು ಬೀದಿಯ ತಿರುವಿನಲ್ಲಿ ಇರುವಾಗಲೇ ಅವಳ ದನಿ ನಮ್ಮ ಅಡುಗೆಮನೆಗೆ ಬಂದಿರುತ್ತದೆ.

"ಹೋದ ವಾರ ನನ್ನ ವಿಲನ್ ಚಹಾ ಆರೋಷ್ಟರಲ್ಲಿ ಸತ್ತುಹೋದ, ತಾತ. ಬೋರು ಅಂತಾರೆ. ಈ ವಾರವೂ ಹಿಂಗೇ ಆದ್ರೆ ಕಾಣದವಳ ಅಣ್ಣ ಬೇರೆ ಆಟ ನಡೆಸ್ತಾನಂತೆ, ಎಲ್ಲಾ ಅಲ್ಲಿಗೆ ಹೋಗ್ತಾರಂತೆ."

ಹೊಸ ಶಾಲೆಗೆ ಸೇರಿದ ಮೇಲೆ ಹುಡುಗಿಗೆ ಸಿಕ್ಕ ಜೊತೆಯೆಂದರೆ ಈ ನಾಲ್ವರೇ. ಅವರೂ ಹೋದರೆ ಭಾನುವಾರ ಮಧ್ಯಾಹ್ನ ನನ್ನ ಹೋರಾಟದ ಕಥೆ ಕೇಳುತ್ತ ಕೂರಬೇಕು. ಅಂಥ ಶಿಕ್ಷೆ ಯಾವ ಮಗುವಿಗೂ ಬೇಡ.

ನಾನು ಕನ್ನಡಕ ಏರಿಸಿದೆ. ಖಳ ಯೋಜನಾ ಆಯೋಗದ ಮೊದಲ ಸಭೆ ಅಲ್ಲೇ ಆರಂಭವಾಯಿತು.

"ಬರ್ಕೋ. ನಿನ್ನ ವಿಲನ್ ಒಬ್ಬ ಆಯುಕ್ತ. ಊರಿನ ಮಕ್ಕಳಿಗಿರೋ ಒಂದೇ ಆಟದ ಮೈದಾನ ಮುಚ್ಚಿ ಕಾರು ನಿಲ್ಲಿಸೋ ಜಾಗ ಮಾಡ್ತಾನೆ."

"ಅವನ ಶಕ್ತಿ ಏನು?"

"ಮೇಜಿನ ಮೇಲೆ ಒಂದು ಗಂಟೆ. ಒತ್ತಿದ್ರೆ ಜವಾನ ಬರ್ತಾನೆ."

"ತಾತ! ಬಂಡೆ ಒಂದು ಗುದ್ದು ಕೊಟ್ರೆ ಕಟ್ಟಡಾನೇ ಬೀಳುತ್ತೆ. ಅವನನ್ನ ಹೆಂಗೆ ತಡೀತಾನೆ?"

"ತಡಿಯಲ್ಲ. ಒಳಗೆ ಕರೀತಾನೆ. ಅವನೊಬ್ಬನನ್ನೇ."

"ಒಳಗೆ ಏನಿರುತ್ತೆ? ಲೇಸರ್ರಾ?"

"ಕುರ್ಚಿ. ಕೂರಿಸಿ ಬಿಸ್ಕತ್ತು ಕೊಡ್ತಾನೆ."

"ವಿಷ ಹಾಕಿರ್ತಾನಾ?"

"ಥೂ, ಅಂಥ ಚಿಲ್ಲರೆ ಕೆಲಸ ಮಾಡಲ್ಲ ಅವನು. ಒಳ್ಳೇ ಬಿಸ್ಕತ್ತು. ಮಳೆ ಬರೋ ಹಾಗಿದೆ ಅಲ್ವಾ ಅಂತಾನೆ. ತಿಂದಾದ ಮೇಲೆ ಹೋಗಿ ಬಾ ಅಂತಾನೆ. ಮುಗೀತು."

"ಅಷ್ಟೇನಾ?"

"ಒಳಗೆ ಅಷ್ಟೇ. ಮಿಕ್ಕಿದ್ದನ್ನ ಹೊರಗೆ ನಿಂತೋರು ಮಾಡ್ಕೋತಾರೆ."

ಮೊಮ್ಮಗಳು ನನ್ನನ್ನು ಹೊಸ ಕಣ್ಣಿನಿಂದ ನೋಡಿದಳು. ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ನನ್ನ ಹೆಂಡತಿ ಹಳೆಯ ಕಣ್ಣಿನಿಂದಲೇ ನೋಡಿದಳು.

"ಅಧ್ಯಕ್ಷರೇ, ಮಕ್ಕಳು ಸುಮ್ನೆ ಗುದ್ದಾಡ್ಕೊಂಡು ಇರ್ಲಿ ಬಿಡಿ. ನಿಮ್ಮ ಡಿಪೋ ತಂದು ಅದರೊಳಗೆ ತುರುಕಬೇಡಿ."

(ಅವಳು ನನ್ನನ್ನು ಅಧ್ಯಕ್ಷರೇ ಎನ್ನುವುದು ಗೌರವಕ್ಕಲ್ಲ. ಮೊಸರು ಹುಳಿಯಾದಾಗಲೂ ಹಾಗೇ ಕರೆಯುತ್ತಾಳೆ.)

"ಇದು ರಾಜಕೀಯ ಶಿಕ್ಷಣ ಕಣೇ," ಎಂದೆ.

ಭಾನುವಾರ ಬಂತು. ಈ ಸಲ ಬರೀ ಬಾಯಿಮಾತು ಸಾಲದೆಂದು ಮೊಮ್ಮಗಳು ನನ್ನ ಮಲಗುವ ಕೋಣೆಯನ್ನೇ ಆಯುಕ್ತರ ಕಚೇರಿ ಮಾಡಿದಳು. ಮೈದಾನ ಉಳಿಸಲು ನಾಲ್ಕೂ ವೀರರು ಕಚೇರಿಯ ಮುಂದೆ, ಅಂದರೆ ನಮ್ಮ ಹಜಾರದಲ್ಲಿ, ಮುಷ್ಟಿ ಬಿಗಿದು ನಿಂತರು. ಆಗ ಒಳಗಿಂದ ಒಂದು ಲೋಟಕ್ಕೆ ಚಮಚ ಬಡಿದ ಸದ್ದು. "ಬಂಡೆ ಅವರು ಮಾತ್ರ ಒಳಗೆ ಬರಬೇಕಂತೆ," ಎಂದಳು ಮೊಮ್ಮಗಳು, ಜವಾನನ ದನಿಯಲ್ಲಿ. ಬಂಡೆ ಹೋದ. ಬಾಗಿಲು ಮುಚ್ಚಿತು. ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದು, ಅದರ ಅಂಚಿನಿಂದ ನನ್ನ ಕಲಾಕೃತಿ ಅರಳುವುದನ್ನು ನೋಡುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಬಂಡೆ ಹೊರಗೆ ಬಂದ. ತುಟಿಯ ಮೇಲೆ ಬಿಸ್ಕತ್ತಿನ ಪುಡಿ.

"ಏನಂದ?" ಎಂದಳು ಕಾಣದವಳು.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಮಳೆ ಬರೋ ಹಾಗಿದೆ ಅಂದ. ಬಿಸ್ಕತ್ತು ಕೊಟ್ಟ."

"ಬಿಸ್ಕತ್ತು ಯಾಕೆ ಕೊಟ್ಟ?" ಇದು ಕರೆಂಟು.

"ಕ್ರೀಮ್ ಇತ್ತಾ?" ಇದು ಗಾಳಿ.

"ನಿನ್ನೊಬ್ಬನನ್ನೇ ಯಾಕೆ ಕರೆದ?"

"ನಾನು ಲೀಡರ್ ಅಲ್ವಾ, ಅದಕ್ಕೆ."

"ನಿನ್ನನ್ನ ಲೀಡರ್ ಮಾಡಿದ್ದು ಯಾರೋ?"

ಆಹಾ! ಪತ್ರಿಕೆಯ ಹಿಂದೆ ನನಗೆ ರೋಮಾಂಚನ. ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು! ಆದರೆ ನನ್ನ ಯಂತ್ರಕ್ಕೆ ಬ್ರೇಕು ಇಟ್ಟಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಅದು ಇಳಿಜಾರಿನಲ್ಲಿತ್ತು. ಮಾತು ಮೈದಾನ ಬಿಟ್ಟು ಶಾಲೆಗೆ ಹೋಯಿತು. ಬಂಡೆ ವಿಜ್ಞಾನದ ಟೀಚರ ಕೋಣೆಗೂ ಹೀಗೇ ಒಬ್ಬನೇ ಹೋಗುತ್ತಾನೆ ಎಂದು ಕರೆಂಟು. ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಬಂಡೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಕೋತೀಯ ಎಂದು ಕಾಣದವಳು. ಗಾಳಿ ಬಂಡೆಯ ಪರ ನಿಂತ (ಬಂಡೆಯ ಜೇಬಿನಲ್ಲಿ ಎರಡನೇ ಬಿಸ್ಕತ್ತು ಇತ್ತು). ಹುಡುಗಿಯರಿಬ್ಬರೂ ದಾಳಗಳನ್ನು ಬಾಚಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತರು. ಹುಡುಗರಿಬ್ಬರೂ ಮೇಜು ಬಿಡಲಿಲ್ಲ. ದಾಳ ಒಂದು ಬಣಕ್ಕೆ, ಮೇಜು ಇನ್ನೊಂದು ಬಣಕ್ಕೆ. ಇಷ್ಟು ಅಚ್ಚುಕಟ್ಟಾದ ವಿಭಜನೆ ನಮ್ಮ ಕಾಲದಲ್ಲೂ ಆಗಿರಲಿಲ್ಲ. ನಾವು ಬಾವುಟದ ಕೋಲಿಗಾಗಿ ಬಹಳ ದಿನ ಎಳೆದಾಡಿದ್ದೆವು.

ಮೊಮ್ಮಗಳು ಸಂಧಾನಕ್ಕೆ ಹೋದಳು. "ನೀನು ಆಯುಕ್ತನ ಕಡೆಯೋಳು" ಎಂದು ಎರಡೂ ಬಣ ಒಮ್ಮತದಿಂದ ಅವಳನ್ನು ಓಡಿಸಿದವು. ಕಣ್ಣು ಕೆಂಪು ಮಾಡಿಕೊಂಡು ನನ್ನ ಮುಂದೆ ನಿಂತಳು.

"ತಾತ, ನಿಮ್ಮ ವಿಲನ್ ಗೆದ್ದುಬಿಟ್ಟ. ಎಲ್ಲರೂ ಮನೆಗೆ ಹೋಗ್ತಾರಂತೆ. ಇನ್ಮೇಲೆ ಬರಲ್ವಂತೆ."

ಲಾಠಿಗೆ ಹೆದರದ ಜೀವ ಆ ಕೆಂಪು ಕಣ್ಣಿಗೆ ಹೆದರಿತು. ಎದ್ದು ಹೋಗಿ, ಎರಡೂ ಬಣಕ್ಕೆ ಕೇಳುವಂತೆ ಬಾಗಿಲಲ್ಲಿ ನಿಂತು, ಹಳೆಯ ಗೇಟು ಭಾಷಣದ ದನಿ ತೆಗೆದೆ.

"ಮಕ್ಕಳೇ! ಒಳಗೆ ಏನೂ ನಡೆದಿಲ್ಲ. ಇದು ನಾನೇ ಹೆಣೆದ ಸಂಚು. ಒಬ್ಬರು ಒಳಗೆ ಹೋಗಿ ಬಂದ್ರು ಅಂತ ಹೊರಗೆ ನಿಂತು ಇಲ್ಲದ್ದೆಲ್ಲ ಊಹಿಸ್ಕೊಂಡು ಒಡೆದು ಹೋಗೋರು ಶತಮೂರ್ಖರು!"

"ಅಧ್ಯಕ್ಷರೇ, ಇನ್ನೊಂದ್ಸಲ ಹೇಳಿ," ಎಂದು ಬೆನ್ನ ಹಿಂದಿನಿಂದ ದನಿ ಬಂತು. "ಕೊನೇ ಮಾತು ಸರಿಯಾಗಿ ಕೇಳಿಸ್ಲಿಲ್ಲ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಈಗ ಆ ವಿಷಯ ಯಾಕೆ?" ಎಂದೆ.

"ಯಾವ ವಿಷಯ, ಅಜ್ಜಿ?" ಮೆಟ್ಟಿಲ ಮೇಲಿದ್ದ ಕಾಣದವಳ ಕಿವಿ ನೆಟ್ಟಗಾಯಿತು.

"ನಾನು ಡಿಪೋದ ಟಿಕೆಟ್ ಕೌಂಟರಲ್ಲಿದ್ದೆ, ಇವರು ಮೆಕ್ಯಾನಿಕ್ಕು. ಹೆಂಗಸ್ರಿಗೆ ಒಂದು ವಿಶ್ರಾಂತಿ ಕೋಣೆ ಬೇಕು ಅಂತ ಎಲ್ಲರೂ ಗೇಟಲ್ಲಿ ಧರಣಿ ಕೂತಿದ್ವಿ. ಮ್ಯಾನೇಜರು ನನ್ನೊಬ್ಬಳನ್ನೇ ಒಳಗೆ ಕರೆದ."

"ಏನಂದ?" ಬಂಡೆಯೂ ಮೇಜು ಬಿಟ್ಟು ಬಂದ.

"ಕನ್ನಡಕ ಹುಡುಕ್ತಿದ್ದ, ಪಾಪ. ತಲೆ ಮೇಲೇ ಇತ್ತು. ಹೇಳಿದೆ. ನೀರು ಕೊಟ್ಟ, ಕುಡಿದೆ. ಯೋಚನೆ ಮಾಡ್ತೀನಿ ಅಂದ, ಎದ್ದು ಬಂದೆ. ಬರೋಷ್ಟರಲ್ಲಿ ಗೇಟಲ್ಲಿ ಇನ್ನೊಂದು ಸಂಘ ಹುಟ್ಟಿತ್ತು. ಇವರೇ ಅಧ್ಯಕ್ಷರು."

"ಆಗ ನಿಮಗೆ ಮದುವೆ ಆಗಿತ್ತಾ, ಅಜ್ಜಿ?"

"ಆಗಿತ್ತಮ್ಮ. ಗೇಟಲ್ಲಿ ನನ್ನ ಮೇಲೆ ಧಿಕ್ಕಾರ ಕೂಗಿ, ಸಾಯಂಕಾಲ ಮನೆಗೆ ಬಂದು ಸಾರು ಬಡಿಸು ಅಂತಿದ್ರು."

"ಅಂದಿನ ವಸ್ತುಸ್ಥಿತಿ ಬೇರೆ," ಎಂದೆ ನಾನು. ಯಾರೂ ಕೇಳಿಸಿಕೊಳ್ಳಲಿಲ್ಲ, ನಗುತ್ತಿದ್ದರು. ಎರಡೂ ಬಣ ಮತ್ತೊಮ್ಮೆ ಒಂದು ವಿಷಯದಲ್ಲಿ ಒಂದಾಗಿದ್ದವು. ಆದರೆ ನಕ್ಕು ಮುಗಿದ ಮೇಲೆ ಬಂಡೆ ಮತ್ತೆ ಮೂತಿ ಊದಿಸಿದ.

"ಹಾಗಾದ್ರೆ ಈ ಹುಡುಗಿಯರಿಬ್ರೂ ಶತಮೂರ್ಖರು ಅಂತಾಯ್ತು. ಕ್ಷಮೆ ಕೇಳ್ಲಿ."

"ಅಲ್ಲ," ಎಂದಳು ಕಾಣದವಳು. ದೊಡ್ಡವಳಾದ ಮೇಲೆ ವಕೀಲಳಾಗುತ್ತಾಳೆ, ನೋಡುತ್ತಿರಿ. "ಹೊರಗೆ ಯಾರೇ ನಿಂತ್ರೂ ಅನುಮಾನ ಬಂದೇ ಬರುತ್ತೆ ಅಂತಾಯ್ತು. ಅದು ನಮ್ಮ ತಪ್ಪಲ್ಲ."

"ಗುಟ್ಟು ಗೊತ್ತಿದ್ದವರಿಗೆ ಬರಲ್ಲಮ್ಮ," ಎಂದೆ. ಸುಮ್ಮನಿರಬೇಕಿತ್ತು.

"ಹೌದಾ ತಾತ? ಹಂಗಾದ್ರೆ ನೀವೇ ನಿಂತು ತೋರಿಸಿ. ಅಜ್ಜಿ ಒಳಗೆ ಹೋಗ್ಲಿ. ಅವರು ಹೊರಗೆ ಬರೋವರೆಗೂ ನೀವು ತಡ್ಕೊಂಡು ನಿಂತ್ರೆ, ನಾವಿಬ್ರೂ ಅವನ ಕ್ಷಮೆ ಕೇಳಿ, ಬ್ಯಾಗು ತಗೊಂಡು ಹೋಗ್ತೀವಿ. ಮತ್ತೆ ಬರಲ್ಲ. ನಿಮಗೇ ಆಗ್ಲಿಲ್ಲ ಅಂದ್ರೆ, ಯಾರದ್ದೂ ತಪ್ಪಿಲ್ಲ. ಅವನು ತೆಪ್ಪಗೆ ಬಂದು ಆಟ ಆಡಬೇಕು."

ಬಂಡೆ ಒಪ್ಪಿದ. ಮೊಮ್ಮಗಳು ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡಳು: ಸೋತುಬಿಡಿ ತಾತ. ನನಗೂ ಅರ್ಥವಾಯಿತು. ಗೆದ್ದರೆ ಹುಡುಗಿಯ ಗೆಳೆತನ ಹೋಗುತ್ತದೆ. ಸೋತರೆ ನನ್ನ ಮಾನ. ನನ್ನಂಥ ತ್ಯಾಗಜೀವಿಗೆ ಇದೇನು ಮಹಾ ಎಂದು, ಒಂದಿಷ್ಟು ಹೊತ್ತು ಗಂಭೀರವಾಗಿ ನಿಂತು, ಆಮೇಲೆ ದೊಡ್ಡ ಮನಸ್ಸು ಮಾಡಿ ಸೋಲುವುದೆಂದು ನಿರ್ಧರಿಸಿದೆ. ಯಾವ ಗಳಿಗೆಯಲ್ಲಿ ಸೋಲಬೇಕು ಎಂಬುದು ನನ್ನ ಕೈಯಲ್ಲೇ ಇತ್ತಲ್ಲ!

ಮೊಮ್ಮಗಳು ಮತ್ತೆ ಆಯುಕ್ತನಾಗಿ ಒಳಗೆ ಹೋದಳು. ಚಮಚ ಲೋಟಕ್ಕೆ ಬಡಿಯಿತು. ಹೆಂಡತಿ ಸೆರಗು ಸರಿಮಾಡಿಕೊಂಡು, ನನ್ನನ್ನು ದಾಟಿ, ನನ್ನದೇ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ನಾನು ಕೈಕಟ್ಟಿ ನಿಂತೆ. ನಾಲ್ಕು ಜೊತೆ ಕಣ್ಣು ನನ್ನ ಮೇಲೆ.

ಒಳಗೆ ಬಿಸ್ಕತ್ತಿನ ಪೊಟ್ಟಣದ ಸರಸರ. ಇರಲಿ. ಪಿಸುಮಾತು. ಅದೂ ಇರಲಿ. ಆಮೇಲೆ ಹೆಂಡತಿ ನಕ್ಕಳು. ಅವಳ ನಗುವಿನಲ್ಲಿ ಹಲವು ಬಗೆಯಿದೆ. ಇದು ನನ್ನ ವಿಷಯಕ್ಕೇ ಮೀಸಲಾದ ಬಗೆ. "ಅಯ್ಯೋ, ಅದನ್ನ ಮಾತ್ರ ತಾತನಿಗೆ ಹೇಳ್ಬೇಡ ಕಣೇ," ಎಂದಿತು ಒಳಗಿನ ದನಿ. ನಂತರ ನಿಶ್ಶಬ್ದ. ನಗುವನ್ನಾದರೂ ಸಹಿಸಬಹುದು, ನೋಡಿ. ಈ ನಿಶ್ಶಬ್ದ ಇದೆಯಲ್ಲ, ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ.

ನಾನು ಗಾಳಿಯ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಪಕ್ಕಕ್ಕೆ ಕರೆದೆ.

"ನೋಡು ಮಗು," ಎಂದೆ ಮೆತ್ತಗೆ, "ನಿಮ್ಮಜ್ಜಿ ಮೊದಲಿಂದ್ಲೂ ಹಿಂಗೇ. ಅವರು ಒಳಗೇ ಎಲ್ಲಾ ತೀರ್ಮಾನ ಮಾಡ್ಕೊಂಡು ಬರ್ತಾರೆ. ನಾವು ಐದು ಜನ ಇದ್ದೀವಲ್ಲ, ಅವರನ್ನ ಬಿಟ್ಟು ನಮ್ಮದೇ ಒಂದು ಸಣ್ಣ ಸಮಿತಿ…"

ಗಾಳಿ ಗೊಳ್ಳೆಂದ. ಹಿಂದೆಯೇ ಮೂವರೂ. ಬಂಡೆ ನೆಲದ ಮೇಲೆ ಉರುಳಾಡಿದ. ಕಾಣದವಳ ಕಿರುಚಾಟಕ್ಕೆ ಎದುರುಮನೆಯ ಕಿಟಕಿ ತೆರೆಯಿತು. ಕರೆಂಟು ನಗುತ್ತಲೇ ದಾಳಗಳನ್ನು ತಂದು ಮೇಜಿನ ಮೇಲೆ ಸುರಿದಳು. ಬಂಡೆ ಜೇಬಿನ ಬಿಸ್ಕತ್ತು ತೆಗೆದು ನಾಲ್ಕು ಚೂರು ಮಾಡಿದ. ಆಮೇಲೆ ಎಲ್ಲರೂ ಒಟ್ಟಿಗೆ ಆಯುಕ್ತರ ಕಚೇರಿಗೆ ನುಗ್ಗಿ, ಸಂಜೆಯೊಳಗೆ ಮೈದಾನ ಉಳಿಸಿಕೊಂಡರು. ಮುಂದಿನ ಭಾನುವಾರವೂ ಇಲ್ಲೇ ಎಂದು ಮೊಮ್ಮಗಳು ಕುಣಿಯುತ್ತ ಬಂದು ಹೇಳಿದಳು.

ಅಷ್ಟರಲ್ಲಿ ಕೋಣೆಯಿಂದ ಹೊರಬಂದಿದ್ದ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟು ಜನ ಸೇರಿದ್ರು, ಅಧ್ಯಕ್ಷರೇ, ಹೊಸ ಸಮಿತಿಗೆ?"

"ನಾನು ಬೇಕಂತಲೇ ಸೋತೆ," ಎಂದೆ. "ಮಕ್ಕಳ ಒಗ್ಗಟ್ಟಿಗಾಗಿ."

ಹೆಂಡತಿ ನಂಬಲಿಲ್ಲ. ಮೊಮ್ಮಗಳು "ಥ್ಯಾಂಕ್ಸ್ ತಾತ" ಎಂದು ಬೆನ್ನು ಸವರಿದಳು. ಕಾಯಿಲೆಯವರ ಬೆನ್ನು ಸವರುವ ರೀತಿಯಲ್ಲಿ. ನಾನು ಸತ್ಯ ಹೇಳಿದರೂ ನಂಬದ ಮನೆಯಿದು. ಸುಳ್ಳು ಹೇಳಿದಾಗ ನಂಬುತ್ತಾರೆಂದು ಎಣಿಸಿದ್ದು ನನ್ನದೇ ಮೂರ್ಖತನ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಪಕ್ಕದಲ್ಲಿ ನಿಂತು, ಒಂದು ಲೋಟವನ್ನು ಅಗತ್ಯಕ್ಕಿಂತ ಹೆಚ್ಚು ಒರೆಸುತ್ತ, ಏನೂ ಅಲ್ಲವೆಂಬಂತೆ ಕೇಳಿದೆ: "ಅಂದಹಾಗೆ, ಒಳಗೆ ಏನು ಮಾತಾಡಿದ್ರಿ?"

"ಏನೂ ಇಲ್ಲ," ಎಂದಳು. "ಬಿಸ್ಕತ್ತು ತಿಂದ್ವಿ."

ಏನೂ ಇಲ್ಲವಂತೆ! ನೀವೇ ಹೇಳಿ, ಬರೀ ಬಿಸ್ಕತ್ತು ತಿನ್ನುವುದಕ್ಕೆ ಯಾರಾದರೂ ಬಾಗಿಲು ಹಾಕಿಕೊಳ್ಳುತ್ತಾರೆಯೇ?