ರಟ್ಟಿನ ಮನೆಯ ಗೃಹಪ್ರವೇಶ

ಮನೆ ಕಟ್ಟುವ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ. ಕ್ಯಾತನಹಳ್ಳಿಯಲ್ಲಿ ಒಂದು ಮನೆ ಕಟ್ಟಿಸಿದ್ದೇನೆ. ಅದರ ಅಡುಗೆಮನೆಯನ್ನು ಮೂರು ಸಲ ಒಡೆಸಿಯೂ ಇದ್ದೇನೆ. ಹೀಗಾಗಿ ಮಗಳು ಚಂದನಾ ಆರ್ಕಿಟೆಕ್ಚರ್ ಓದುತ್ತೇನೆ ಎಂದಾಗ ಮಾರ್ಗದರ್ಶಕನ ಸ್ಥಾನವನ್ನು ನಾನೇ ಅಲಂಕರಿಸಿದೆ. ಯಾರೂ ಕರೆದಿರಲಿಲ್ಲ.

ಕಾಲೇಜಿನವರು ಪೋರ್ಟ್‌ಫೋಲಿಯೋ ಕೇಳಿದ್ದರು. ಅಂದರೆ ಅವಳು ಬರೆದ ಚಿತ್ರಗಳು, ಮಾಡಿದ ಮಾದರಿಗಳ ಫೋಟೋ, ಎಲ್ಲವನ್ನೂ ಜೋಡಿಸಿದ ಫೈಲು. ಅದು ಚೆನ್ನಾಗಿದ್ದರೆ ಸೀಟು, ಇಲ್ಲದಿದ್ದರೆ ಇಲ್ಲ. ಚಂದನಾ ಒಂದು ತಿಂಗಳು ಕೂತು ರಟ್ಟಿನಲ್ಲಿ ಪುಟ್ಟ ಮನೆ ಮಾಡಿದಳು. ಗೋಡೆಗೆ ಮೈದಾ ಅಂಟು, ಚಾವಣಿಗೆ ಕಬ್ಬಿನ ಸೋಗೆ. ಫೋಟೋ ತೆಗೆಯುವುದೊಂದೇ ಬಾಕಿ. ಫೈಲು ಕೊಡಲು ಮೂರು ದಿನ ಉಳಿದಿತ್ತು.

“ಗೃಹಪ್ರವೇಸ ಆಗ್ದೆ ಯಾರಾದ್ರೂ ಮನೆ ಫೋಟ ತಗೀತಾರೇನವ್ವ?” ಎಂದೆ.

“ಅಪ್ಪಾ, ಅದು ರಟ್ಟು ಕಣಪ್ಪ!”

“ರಟ್ಟಾದ್ರೇನು? ಮನೆ ಮನೇನೆ ಕಣವ್ವ.”

ಒಳ್ಳೆಯ ಕ್ಯಾಮೆರಾ ಇರುವ ಫೋನು ಕೇಳಿ ತರಲು ಅವಳು ಪಕ್ಕದ ಮನೆಗೆ ಹೋದಳು. ಶುಭಕಾರ್ಯಕ್ಕೆ ಇದೇ ಸಮಯ! ರಟ್ಟಿನ ಮನೆಯನ್ನು ಅಂಗಳದಲ್ಲಿಟ್ಟು, ಕುಂಕುಮ ಹಚ್ಚಿ, ಬಾಗಿಲಿಗೆ ಮಾವಿನೆಲೆ ಸಿಕ್ಕಿಸಿದೆ. ಚಿತ್ರಗಳಿಗೂ ಪೂಜೆಯಾಗಲಿ ಎಂದು ಫೈಲನ್ನು ಪಕ್ಕದಲ್ಲೇ ಬಿಚ್ಚಿಟ್ಟೆ. ಹೊಸ ಮನೆಗೆ ಮೊದಲು ಹಸು ಕಾಲಿಡಬೇಕು ಎಂಬುದು ಸಂಪ್ರದಾಯ. ಕೊಟ್ಟಿಗೆಯಿಂದ ಗೌರಿಯನ್ನು ಹಿಡಿದು ತಂದೆ.

ಗೌರಿ ಕಾಲಿಡಲಿಲ್ಲ. ಬಾಯಿಟ್ಟಳು!

ಮೊದಲು ಮಾವಿನೆಲೆ ಹೋಯಿತು. ಹಿಂದೆಯೇ ಸೋಗೆಯ ಚಾವಣಿ. ಮೈದಾದ ರುಚಿ ಹತ್ತಿದ ಮೇಲೆ ಗೋಡೆಗಳೂ ಉಳಿಯಲಿಲ್ಲ. ಗಾಬರಿಯಿಂದ ಹಗ್ಗ ಜಗ್ಗಿದೆ. ಅವಳು ಸುತ್ತ ತಿರುಗಿ, ಫೈಲಿನ ಮೇಲೆ ಸಗಣಿ ಹಾಕಿದಳು. ಗೃಹಪ್ರವೇಶದಲ್ಲಿ ಇದು ಬಹಳ ಶುಭವಂತೆ!

“ಏನ್ ಮಾಡ್ಬುಟ್ರೀ?” ಎಂದು ಹೆಂಡತಿ ಜಯಮ್ಮ ಓಡಿ ಬಂದಳು.

“ಗೃಹಪ್ರವೇಸ...”

“ಆಯ್ತು ಬುಡಿ. ಹಸು ಮನೆ ಒಳಿಕ್ಕೆ ಓಗೋದ್ ಕಂಡಿದ್ದೆ. ಮನೇನೆ ಹಸು ಒಳಿಕ್ಕೆ ಓಗಿದ್ದು ಇವತ್ತೇ ಕಂಡಿದ್ದು!”

ಚಂದನಾ ಬಂದವಳು ಕೂಗಾಡಲಿಲ್ಲ. ಉಳಿದಿದ್ದ ಒಂದೇ ಒಂದು ಕಿಟಕಿಯನ್ನು ಕೈಯಲ್ಲಿ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಮೂರು ದಿನ ಎಲ್ಲವನ್ನೂ ಹೊಸದಾಗಿ ಬರೆದಳು. ಮಾರ್ಗದರ್ಶಕನಿಗೆ ಒಳಗೆ ಪ್ರವೇಶವಿರಲಿಲ್ಲ.

ಸಂದರ್ಶನದ ದಿನ ಕಾಲೇಜಿನ ಮೇಡಂ ಫೈಲು ತಿರುವುತ್ತಾ ಒಂದು ಕೊಟ್ಟಿಗೆಯ ನಕ್ಷೆ ಬಂದಾಗ ಕೈ ನಿಲ್ಲಿಸಿದರು. ಗಾಳಿ, ಬೆಳಕು, ಗಂಜಲ ಹರಿಯುವ ದಾರಿ, ಒಂದನ್ನೂ ಅವಳು ಮರೆತಿರಲಿಲ್ಲ.

“ಬಹಳ ಚೆನ್ನಾಗಿದೆ. ಆದರೆ ಮನೇಲಿರೋದು ಒಂದೇ ಹಸು ಅಂತ ಬರೆದಿದ್ದೀಯ. ಎರಡು ಗೂಟ ಯಾಕಮ್ಮ?”

ಚಂದನಾ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ನಾನಿದ್ದೆ.

“ಇನ್ನೊಂದು ನಮ್ಮಪ್ಪಂಗೆ, ಮೇಡಂ.”

ಸೀಟು ಸಿಕ್ಕಿತು. ಅವಳಿಗೆ ಕಾಲೇಜಿನಲ್ಲಿ, ನನಗೆ ಕೊಟ್ಟಿಗೆಯಲ್ಲಿ!