ಮಾಮಾನ ಡಬ್ಬಿ

ನಮ್ಮ ಮಾಮಾ ಸುಳ್ಳು ಹೇಳುವವರಲ್ಲ. ಸುದ್ದಿಯನ್ನು ದಾರಿಯಲ್ಲಿ ಸ್ವಲ್ಪ ರಿಪೇರಿ ಮಾಡುತ್ತಾರೆ, ಅಷ್ಟೇ!

ಅಮ್ಮನ ತಮ್ಮ, ಧಾರವಾಡದವರು. ಅಮೆರಿಕಕ್ಕೆ ಬಂದು, ಎವರೆಟ್ ಊರಿನ ಕಾರ್ಖಾನೆಯಲ್ಲಿ ವಿಮಾನಗಳಿಗೆ ರೆಕ್ಕೆ ಜೋಡಿಸುವ ಎಂಜಿನಿಯರ್ ಆಗಿದ್ದು ನಿವೃತ್ತರಾದರು. ಮಾಮಿ ತೀರಿಹೋದ ಮೇಲೆ ಅವರಿಗೆ ಉಳಿದ ಉದ್ಯೋಗ ಒಂದೇ: ಒಬ್ಬರ ಮಾತನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದು. ಫೋನ್ ಇಲ್ಲವೇ ಎಂದರೆ, "ಫೋನಿನ್ಯಾಗ ಮಾತು ಹೋಗ್ತದ, ಮಾರಿ ಹೋಗೂದಿಲ್ಲವ್ವಾ" ಎನ್ನುತ್ತಾರೆ.

ನನ್ನ ಮಗಳು ಶಾಲೆಗೆಂದು ಗ್ರೀಕ್ ಪುರಾಣ ಓದುತ್ತಿದ್ದಳು. ಹರ್ಮಿಸ್ ಎಂಬ ದೇವರಂತೆ. ಬೆಳಗ್ಗೆ ಹುಟ್ಟಿ ಸಂಜೆಯೊಳಗೆ ಅಣ್ಣನ ದನ ಕದ್ದನಂತೆ. ಹೆಜ್ಜೆಗುರುತು ಸಿಗಬಾರದೆಂದು ಅವನ್ನು ಹಿಮ್ಮುಖವಾಗಿ ನಡೆಸಿದನಂತೆ! ಕೊನೆಗೆ ಅದೇ ಅಣ್ಣನಿಗೆ ಆಪ್ತನೂ ಆದ. ಕಾಲಲ್ಲಿ ರೆಕ್ಕೆ, ದೇವತೆಗಳಿಗೆ ದೂತ. ಸತ್ತವರ ಕೈ ಹಿಡಿದು ಆಚೆ ಲೋಕಕ್ಕೆ ಮುಟ್ಟಿಸುವವನೂ ಅವನೇ.

"ಅಮ್ಮಾ, ದಿಸ್ ಈಸ್ ಟೋಟಲಿ ಅಜ್ಜ!" ಎಂದಳು. ಮಾಮಾ ಅವಳಿಗೆ ಅಜ್ಜ.

ಆಗ ನನಗೂ ಪಕ್ಕದ ಊರು ಬೆಲ್ವ್ಯೂದಲ್ಲಿರುವ ಅಕ್ಕನಿಗೂ ಮಾತಿರಲಿಲ್ಲ. ಎಜುಕೇಶನ್ ಹಿಲ್ ಎಂಬ ಬೆಟ್ಟದ ಮೇಲಿನ ನಮ್ಮ ಹೊಸ ಮನೆಯ ಗೃಹಪ್ರವೇಶದಲ್ಲಿ ಹಾಲು ಇನ್ನೇನು ಉಕ್ಕಬೇಕು, ಅಕ್ಕ ಒಲೆ ಆರಿಸಿಬಿಟ್ಟಳು! ಹೊಗೆಯ ಅಲಾರಂ ಕೂಗುತ್ತದೆಂಬ ಭಯ. ಶುಭ ಕಾರ್ಯಕ್ಕೇ ಅಡ್ಡ ಬಂದೆಯಲ್ಲ ಎಂದು ನಾನು ನೆಂಟರೆದುರು ಕೂಗಾಡಿದೆ. ಅಲಾರಂ ಆದರೂ ಬೇಗ ಸುಮ್ಮನಾಗುತ್ತಿತ್ತು. ಅಕ್ಕನಿಲ್ಲದೆ ದೀಪಾವಳಿ ಕಳೆಯಿತು, ಯುಗಾದಿ ಕಳೆಯಿತು. ನನಗೆ ಯಾವುದೂ ರುಚಿಸಲಿಲ್ಲ.

ಒಂದು ಬೆಳಗ್ಗೆ ಬೀದಿಯೆಲ್ಲ ಮಂಜು. ಅದರೊಳಗಿಂದ ಮಾಮಾ ಬಂದರು. ಮೊಣಕಾಲಿನ ಕೆಳಗೆ ಏನೂ ಕಾಣದು, ನೆಲ ಮುಟ್ಟದೆ ತೇಲಿ ಬಂದ ಹಾಗಿತ್ತು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಅಕ್ಕ ಕೊಟ್ಟಾಳ, ಬೇಸನ್ ಉಂಡಿ. ತಳಕ್ಕ ತೂತ ಅದ, ಟೇಪ್ ಹಚ್ಚೀನಿ. ಎಂಜಿನಿಯರ್ ಹಚ್ಚಿದ್ದು, ಕೀಳಬ್ಯಾಡ!"

ಬಂದ ಡಬ್ಬಿಯನ್ನು ಖಾಲಿ ಕಳಿಸುವುದುಂಟೇ? ಸಿಟ್ಟು ಬೇರೆ, ಪದ್ಧತಿ ಬೇರೆ! ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ. ಅದನ್ನು ಅಕ್ಕನೂ ಖಾಲಿ ಕಳಿಸಲಾರಳು. ಹೀಗೆ ಡಬ್ಬಿ ಬೆಟ್ಟ ಹತ್ತಿತು, ಇಳಿಯಿತು, ಮಾಮಾನ ತೊಡೆಯ ಮೇಲೆ ಕುಳಿತು ಬಸ್ಸಿನಲ್ಲಿ ಓಡಾಡಿತು.

"ನಿನ್ನ ಕೈರುಚಿ ತನಗ ಬರೂದಿಲ್ಲಂತ, ಅಕ್ಕನ ಅಂದ್ಲು."

ಅಕ್ಕ ಹುಟ್ಟಿದಾಗಿನಿಂದ ಯಾರನ್ನೂ ಹೊಗಳಿದವಳಲ್ಲ! ಆದರೂ ನಾನು, "ಇನ್ನೊಮ್ಮೆ ಹೇಳ್ರಿ ಮಾಮಾ" ಎನ್ನುತ್ತಿದ್ದೆ.

ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಅಕ್ಕನೇ ಡಬ್ಬಿ ಹಿಡಿದು ನಿಂತಿದ್ದಳು.

"ಮಾಮಾಗ ಜ್ವರ ಬಂದಾವ, ಅದಕ್ಕ ನಾನ ತಂದೆ" ಎಂದು ತಡವರಿಸಿದಳು. ಚಹಾಕ್ಕೆ ಹಾಲಿಟ್ಟೆ. ಅವಳು ಮೆಲ್ಲಗೆ, "ಮೊದಲ ನೀನ ಚಟ್ನಿಪುಡಿ ಕಳಿಸಿದಿ, ನನಗ ಭಾಳ ಸಮಾಧಾನ ಆತು" ಎಂದಳು.

"ನಾನಾ? ಮೊದಲ ಉಂಡಿ ನೀನ ಕಳಿಸಿದ್ದಲ್ಲೇನ?"

ಇಬ್ಬರೂ ಡಬ್ಬಿಯನ್ನು ನೋಡಿದೆವು. ತೊಳೆದು ತೊಳೆದು ಟೇಪಿನ ಅಂಚು ಎದ್ದಿತ್ತು. ಅಕ್ಕ ಎಳೆದಳು. ತೂತೂ ಇಲ್ಲ, ಏನೂ ಇಲ್ಲ! ಮದುವೆಯ ಪಾತ್ರೆಗಳ ಮೇಲೆ ಕೊರೆಸುತ್ತಾರಲ್ಲ, ಹಾಗೆ ಚುಕ್ಕೆ ಚುಕ್ಕೆಯಾಗಿ ಒಂದು ಹೆಸರಿತ್ತು: ಸೌ. ಇಂದಿರಾ.

ನಮ್ಮ ಮಾಮಿ.

ಹಾಲು ಉಕ್ಕಿ ಒಲೆಯ ತುಂಬ ಚೆಲ್ಲಿತು. ಅಲಾರಂ ಕೂಗಿಯೇ ಕೂಗಿತು. ಆರಿಸಲು ಇಬ್ಬರೂ ಏಳಲಿಲ್ಲ.

ಸಂಜೆ ಡಬ್ಬಿಗೆ ಬಿಸಿ ಗಂಜಿ ತುಂಬಿಕೊಂಡು ಇಬ್ಬರೂ ಮಾಮಾನ ಮನೆಗೆ ಹೋದೆವು. ಅವರು ಹಾಸಿಗೆಯಲ್ಲೇ ಎದ್ದು ಕುಳಿತು ಡಬ್ಬಿಯ ತಳ ಸವರಿದರು. ಬೆರಳಿಗೆ ಟೇಪ್ ಸಿಗಲಿಲ್ಲ. ಸಿಕ್ಕಿಬಿದ್ದ ದೂತ ಹೊದಿಕೆ ಸರಿಮಾಡಿಕೊಂಡರು.

"ಮಾಮಿ ಕೊಟ್ಟು ಕಳಿಸ್ಯಾರ್ರಿ" ಎಂದೆ ನಾನು.

ಮಾಮಾ ಬಹಳ ಹೊತ್ತು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು: "ಹೌದಾ? ಏನಂದ್ಲು?"