ಕೊರಕಲಿಗೆ ಹಾಕಿದ ರಂಗೋಲಿ

ಅತಿಥಿಗಳು ಬರುವ ಮುನ್ನ ಅಂಗಳ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕಬೇಕು ಎಂಬುದು ನಮ್ಮ ಮನೆಯ ಸಂಸ್ಕಾರ. ಇದರಿಂದಲೂ ಯಾರಿಗಾದರೂ ಕೇಡಾದೀತು ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಎಂಬತ್ತರ ದಶಕದ ಮಾತು. ನಾನಾಗ ವಿಜಯನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಮಣ್ಣು ಸಂರಕ್ಷಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಭೂಮಿ ಬರಡಾಗುವುದನ್ನು ತಡೆಯಲು ದೇಶದೇಶಗಳು ಒಂದಾಗಿ ಹೊರಟಿದ್ದವು. ಅಂಥದೊಂದು ತಂಡದ ವಿದೇಶಿ ತಜ್ಞರೊಬ್ಬರು ನಮ್ಮಲ್ಲಿಗೆ ಬರುವವರಿದ್ದರು. ಮಳೆನೀರು ಕೊರೆದ ಹೊಲ ನೋಡಿ ಒಪ್ಪಿದರೆ, ಅಲ್ಲಿ ಕಲ್ಲಿನ ತಡೆಗಳನ್ನು ಕಟ್ಟಿಸುತ್ತಾರಂತೆ.

"ನಮ್ಮ ಮಾವನವರ ಹೊಲ ಇದೆ ಸಾರ್. ಕೆಂಗೇರಿ ಉಪನಗರ ದಾಟಿದ್ರೆ ಸಿಗುತ್ತೆ" ಎಂದೆ. ನಮ್ಮ ಕಚೇರಿಯ ಸಾಹೇಬರು ಒಪ್ಪಿಬಿಟ್ಟರು!

ಆ ಹೊಲದ ನಡುವೆ ಎದೆಯಾಳದ ಕೊರಕಲಿತ್ತು. ಪ್ರತಿ ಮಳೆಗೂ ಒಂದಿಷ್ಟು ರಾಗಿ ಭೂಮಿಯನ್ನು ನುಂಗುತ್ತಿತ್ತು. ಹೀಗೇ ಬಿಟ್ಟರೆ ಮಾವನವರಿಗೆ ಉಳುವುದಕ್ಕೆ ನೆಲವೇ ಉಳಿಯುತ್ತಿರಲಿಲ್ಲ.

"ರೀ, ಇದೊಂದು ಕೆಲ್ಸ ಮಾತ್ರ ಕೆಡಿಸ್ಬೇಡಿ. ಅಪ್ಪಂಗೆ ಇರೋದು ಅದೊಂದೇ ಹೊಲ" ಎಂದಳು ನನ್ನ ಹೆಂಡತಿ ಸರೋಜ.

"ನಾನಿದೀನಲ್ಲ ಕಣೇ! ಅವರು ಮೆಚ್ಚಿ ನನ್ನನ್ನೇ ಫಾರಿನ್‌ಗೆ ಕರ್ಕೊಂಡು ಹೋದ್ರೂ ಹೋದಾರು!"

ಅವಳ ಮುಖದಲ್ಲಿ ಧೈರ್ಯ ಕಾಣಲಿಲ್ಲ.

ತಜ್ಞರು ಬರುವ ಹಿಂದಿನ ದಿನ ವ್ಯವಸ್ಥೆ ನೋಡಲು ಹೋದೆ. ಮಾವ ಯಾವುದೋ ಮದುವೆಗೆ ಹೋಗಿದ್ದರು. ಬಾಯಿ ತೆರೆದು ಬಿದ್ದಿದ್ದ ಕೊರಕಲನ್ನು ಕಂಡು ನನಗೆ ನಾಚಿಕೆಯಾಯಿತು. ಪರದೇಶದವರಿಗೆ ಇಂಥ ಅವಲಕ್ಷಣ ತೋರಿಸುವುದೇ? ಕೊರಕಲಿನ ವಿಚಾರ ಬಾಯಲ್ಲಿ ಹೇಳಿದರಾಯಿತು! ಕೂಡಲೇ ಆಳುಗಳನ್ನು ಕರೆಸಿದೆ. ಪಕ್ಕದ ನೆಲದ ಮೇಲ್ಮಣ್ಣು ಕೆರೆಸಿ ಕೊರಕಲಿಗೆ ತುಂಬಿಸಿದೆ. ಪಕ್ಕದ ನೆಲ ಎಂದರೆ ಅದೂ ಮಾವನವರ ಅದೇ ಹೊಲ.

ಮರುದಿನ ಬೆಳಿಗ್ಗೆ ಅದರ ಮೇಲೆ ಕೊಡಗಟ್ಟಲೆ ಸಗಣಿ ನೀರು ಸುರಿಸಿ, ಕೆಮ್ಮಣ್ಣಿನ ಅಂಚು ಬರೆಸಿ, ನಡುವೆ ದೊಡ್ಡ ರಂಗೋಲಿ ಹಾಕಿಸಿದೆ. ಅಷ್ಟರಲ್ಲಿ ಸರೋಜ ಅಪ್ಪನ ಜೊತೆ ಬಂದಳು.

"ಹೇಗಿದೆ?" ಎಂದೆ ಹೆಮ್ಮೆಯಿಂದ.

"ರೀ... ಕೊರಕಲು ಎಲ್ರೀ?"

ಮಾವ ರಂಗೋಲಿಯತ್ತ ನೋಡಲೇ ಇಲ್ಲ. ಕೆರೆಸಿದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಗಟ್ಟಿ ನೆಲವನ್ನು ಬೆರಳಿನಿಂದ ಕೆದಕಿದರು. ಬೆರಳು ಇಳಿಯಲಿಲ್ಲ.

"ಅಳಿಯಂದ್ರೇ, ಮಳೆ ಕೂಡ ಒಂದೇ ದಿನಕ್ಕೆ ಇಷ್ಟು ತಗೊಂಡಿರ್ಲಿಲ್ಲ" ಎಂದರು.

ನಾನು ಆಳುಗಳತ್ತ ತಿರುಗಿದೆ. ಮತ್ತೆ ಅಗೆಸೋಣವೆಂದರೆ ಜೀಪಿನ ಸದ್ದು ಕೇಳಿಸಿತು!

ಸಾಹೇಬರು ಇಳಿದವರೇ ಸುತ್ತ ನೋಡಿದರು. "ಕೊರಕಲು ಎಲ್ರೀ?"

"ಮುಚ್ಚಿಸಿದೀನಿ ಸಾರ್."

"ಅವರು ನೋಡೋಕೆ ಬಂದಿರೋದೇ ಅದನ್ನ ಕಣ್ರೀ!" ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ತಜ್ಞರು ನಕ್ಷೆ ಬಿಚ್ಚಿದರು, ರಂಗೋಲಿ ನೋಡಿದರು, ಮತ್ತೆ ನಕ್ಷೆ ನೋಡಿದರು. ಆಮೇಲೆ ಇಲ್ಲವೆಂದು ತಲೆಯಾಡಿಸಿ ಜೀಪಿನತ್ತ ತಿರುಗಿದರು. ಸರೋಜಳ ಕಣ್ಣಲ್ಲಿ ನೀರು. ಮಾವ ಕೂತಲ್ಲಿಂದ ಏಳಲೇ ಇಲ್ಲ. ಹೊಲ ಹೋಯಿತು, ನನ್ನಿಂದಲೇ ಹೋಯಿತು!

"ಇಲ್ಲೇ ಇದೆ ಸಾರ್! ಇಲ್ಲೇ!" ಎಂದು ಕಿರುಚುತ್ತ ಓಡಿ, ರಂಗೋಲಿಯ ನಟ್ಟನಡುವೆ ಹಾರಿ ನಿಂತೆ.

ನಿಲ್ಲಲಿಲ್ಲ. ಸಗಣಿ ನೀರು ಕುಡಿದು ಮೆತ್ತಗಾಗಿದ್ದ ಮಣ್ಣು ಕುಸಿಯಿತು. ಸಂಸ್ಕಾರದ ಸಮೇತ ಸೊಂಟದವರೆಗೆ ಇಳಿದುಬಿಟ್ಟೆ!

ತಜ್ಞರು ಓಡಿ ಬಂದರು. ನನ್ನನ್ನು ಎತ್ತುವುದಕ್ಕೆ ಎಂದುಕೊಂಡು ಕೈ ಚಾಚಿದೆ. ಅವರು ಬಗ್ಗಿ ಕೊರಕಲಿನ ಆಳ ಅಳೆದರು. ಬಳಿಕ ಬೋಳಾದ ನೆಲದತ್ತ ಬೆರಳು ಮಾಡಿ ಏನೋ ಕೇಳಿದರು. ಸಾಹೇಬರು ನನ್ನತ್ತ ಬೆರಳು ಮಾಡಿದರು. ತಜ್ಞರು ಕ್ಯಾಮೆರಾ ತೆಗೆದರು.

ಕಲ್ಲಿನ ತಡೆಗಳು ಬಂದವು, ಮಾವನ ಹೊಲ ಉಳಿಯಿತು. ನಾನು ಕೆರೆಸಿದ ಕಡೆ ಮಾತ್ರ ಬಹಳ ಕಾಲ ರಾಗಿ ಏಳಲಿಲ್ಲ.

ಕೆಲವು ತಿಂಗಳ ನಂತರ ಸಾಹೇಬರು ಒಂದು ಸುದ್ದಿ ಹೇಳಿದರು. ಹೊರದೇಶಗಳ ಸಭೆಗಳಲ್ಲಿ ಭೂಮಿ ಹಾಳಾಗಲು ಕಾರಣಗಳನ್ನು ವಿವರಿಸುವಾಗ, ಮೊದಲು ಮಳೆಯ ಚಿತ್ರ ತೋರಿಸುತ್ತಾರಂತೆ. ಆಮೇಲೆ ನನ್ನದು.

ಮನೆಗೆ ಬಂದು ಸರೋಜಳಿಗೆ ಹೇಳಿದೆ. ಅವಳು ಕಾಫಿ ಲೋಟ ಮುಂದಿಟ್ಟಳು.

"ಫಾರಿನ್‌ಗೆ ಹೋಗ್ತೀನಿ ಅಂತಿದ್ರಲ್ಲ, ಹೋದ್ರಿ ಬಿಡಿ. ಸೊಂಟದಿಂದ ಮೇಲೆ ಮಾತ್ರ."